ಸೂರಕ್ಕಿಯ ಪಾಲಿನ ಹೂವು

ತುಮಕೂರಿನ ಬಡಾವಣೆಗಳಲ್ಲಿ ಮನೆ ಮುಂದೆ ನಾಲ್ಕು ಹೂಗಿಡ ಬೆಳೆಸಿಕೊಂಡವರು ಆಗಾಗ ಹೇಳುವ ಮಾತೊಂದಿದೆ: ‘ನಮ್ಮ ಕಾಂಪೌಂಡಿಗೆ ಹಮ್ಮಿಂಗ್ ಬರ್ಡ್ ಬರುತ್ತದೆ.’ ಮೊಬೈಲಿನಲ್ಲಿ ತೆಗೆದ ಚಿತ್ರವನ್ನೂ ತೋರಿಸುತ್ತಾರೆ. ಬೆರಳುದ್ದದ ಮೈ, ಬಾಗಿದ ಸಣ್ಣ ಕೊಕ್ಕು, ಬಿಸಿಲು ಬಿದ್ದರೆ ಮಿರುಗುವ ಗರಿ. ಅವರ ಸಂತೋಷದಲ್ಲಿ ತಪ್ಪೇನಿಲ್ಲ. ಆದರೆ ಆ ಹಕ್ಕಿ ಹಮ್ಮಿಂಗ್ ಬರ್ಡ್ ಅಲ್ಲ. ಅದು ನಮ್ಮದೇ ಸೂರಕ್ಕಿ.

ಹಮ್ಮಿಂಗ್ ಬರ್ಡ್ ಎಂಬುದು ಅಮೆರಿಕ ಖಂಡಗಳ ಹಕ್ಕಿ. ಉತ್ತರದ ಅಲಾಸ್ಕದಿಂದ ದಕ್ಷಿಣದ ತುದಿಯವರೆಗೆ ಅದರ 350ಕ್ಕೂ ಹೆಚ್ಚು ಪ್ರಭೇದಗಳಿವೆ. ಅಲ್ಲಿಂದಾಚೆಗೆ, ಏಷ್ಯಾದಲ್ಲಾಗಲಿ ಆಫ್ರಿಕಾದಲ್ಲಾಗಲಿ ಇಂದು ಒಂದೂ ಇಲ್ಲ. ಇಂದು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಜರ್ಮನಿಯಲ್ಲಿ ಸಿಕ್ಕ ಸುಮಾರು ಮೂರು ಕೋಟಿ ವರ್ಷ ಹಳೆಯ ಪಳೆಯುಳಿಕೆಗಳು ಈ ಹಕ್ಕಿಯವೇ ಎಂದು ಗೆರಾಲ್ಡ್ ಮಯರ್ ಎಂಬ ವಿಜ್ಞಾನಿ 2004ರಲ್ಲಿ ಗುರುತಿಸಿದರು. ಒಂದು ಕಾಲಕ್ಕೆ ಈ ಬದಿಯ ಭೂಭಾಗದಲ್ಲೂ ಇದ್ದ ಕುಲ ಅದು. ಆಮೇಲೆ ಇಲ್ಲಿ ಅಳಿದುಹೋಯಿತು. ನಮ್ಮ ಕಡೆ ಹೂವಿನ ಮಕರಂದ ಕುಡಿಯುವ ಕೆಲಸ ಈಗ ಸೂರಕ್ಕಿಗಳದು. ಹಮ್ಮಿಂಗ್ ಬರ್ಡಿಗೆ ಹತ್ತಿರದ ನೆಂಟ ಸ್ವಿಫ್ಟ್ ಎಂಬ ಬಾನಾಡಿ. ಸೂರಕ್ಕಿಯೋ ಗುಬ್ಬಿ, ಬುಲ್‌ಬುಲ್‌ಗಳಂತೆ ಕೊಂಬೆಯ ಮೇಲೆ ಕೂರುವ ಹಕ್ಕಿಗಳ ಬಳಗಕ್ಕೆ ಸೇರಿದ್ದು. ರಕ್ತಸಂಬಂಧವಿಲ್ಲದಿದ್ದರೂ ಒಂದೇ ಬಗೆಯ ಊಟಕ್ಕೆ ಒಗ್ಗಿಕೊಂಡು ಎರಡೂ ನೋಡಲು ಹಾಗೇ ಆಗಿವೆ.

ಇನ್ನೊಂದು ಜೀವಿಯೂ ಜನರನ್ನು ಗೊಂದಲಕ್ಕೆ ಕೆಡವುತ್ತದೆ. ಸಂಜೆಹೊತ್ತು ಹೂವಿನ ಮುಂದೆ ಗಾಳಿಯಲ್ಲೇ ನಿಂತು, ರೆಕ್ಕೆ ಕಾಣದಷ್ಟು ವೇಗವಾಗಿ ಬಡಿಯುವ ಒಂದು ಬಗೆಯ ಪತಂಗ. ಅದರ ಮುಖದ ಮುಂದೆ ಚಾಚಿರುವುದು ಕೊಕ್ಕಲ್ಲ, ಸುರುಳಿ ಬಿಚ್ಚಿದ ಹೀರುನಳಿಗೆ. ತಲೆಯ ಮೇಲೆ ಎರಡು ಮೀಸೆ ಕಂಡರೆ ಅದು ಪತಂಗವೇ ಸರಿ.

ತುಮಕೂರು, ಗುಬ್ಬಿ, ಕುಣಿಗಲ್ಲಿನ ಅಂಗಳಗಳಿಗೆ ಬರುವ ಸೂರಕ್ಕಿಗಳಲ್ಲಿ ಮೂರನ್ನು ಗುರುತಿಟ್ಟುಕೊಂಡರೆ ಸಾಕು. ಮೊದಲನೆಯದು ನೇರಳೆ ಸೊಂಟದ ಸೂರಕ್ಕಿ. ಗಂಡಿನ ನೆತ್ತಿಯಲ್ಲಿ ಹಸಿರು ಮಿಂಚು, ಬೆನ್ನು ಕಡುಗೆಂಪು, ಹೊಟ್ಟೆ ನಿಂಬೆ ಹಳದಿ. ಹೆಣ್ಣಿಗೆ ಬೂದು ಗಂಟಲು, ತಿಳಿಹಳದಿ ಹೊಟ್ಟೆ. ಉದ್ದ ಹತ್ತು ಸೆಂಟಿಮೀಟರ್, ತೂಕ ಹೆಚ್ಚೆಂದರೆ ಹತ್ತು ಗ್ರಾಮಿನ ಆಸುಪಾಸು. ಭಾರತ ಉಪಖಂಡ ಬಿಟ್ಟರೆ ಇದು ಬೇರೆಲ್ಲೂ ಇಲ್ಲ. ಎರಡನೆಯದು ನೇರಳೆ ಸೂರಕ್ಕಿ. ಇದರ ಗಂಡು ದೂರಕ್ಕೆ ಕಪ್ಪಗೆ ಕಾಣುತ್ತದೆ, ಬಿಸಿಲಿಗೆ ತಿರುಗಿದಾಗ ನೀಲಿ ನೇರಳೆಯಾಗಿ ಹೊಳೆಯುತ್ತದೆ. ಮರಿ ಮಾಡುವ ಕಾಲ ಮುಗಿದ ಮೇಲೆ ಆ ಬಣ್ಣ ಕಳಚಿ, ಹೆಣ್ಣಿನಂತೆ ಹಳದಿಯಾಗಿ, ಗಂಟಲಿನಿಂದ ಹೊಟ್ಟೆಗೆ ಒಂದು ಕಪ್ಪು ಗೆರೆ ಮಾತ್ರ ಉಳಿಯುತ್ತದೆ. ‘ಕರಿಹಕ್ಕಿ ಎಲ್ಲಿ ಹೋಯಿತು’ ಎಂದು ಕೇಳುವವರಿಗೆ ಉತ್ತರ ಇದೇ. ಅದು ಎಲ್ಲೂ ಹೋಗಿಲ್ಲ, ಅಂಗಿ ಬದಲಿಸಿದೆ. ಮೂರನೆಯದು ಉದ್ದಕೊಕ್ಕಿನ ಸೂರಕ್ಕಿ. ನೇರಳೆ ಸೂರಕ್ಕಿಯಂತೆಯೇ ಕಂಡರೂ ಕೊಕ್ಕು ನೀಳವಾಗಿ, ಕುಡುಗೋಲಿನಷ್ಟು ಬಾಗಿರುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿಪುಕ್ಕ’ ಮನೆಯಲ್ಲಿದ್ದರೆ ಮಕ್ಕಳ ಕೈಗೆ ಕೊಟ್ಟು ಕಿಟಕಿಯ ಬಳಿ ಕೂರಿಸಿ.

ಇನ್ನು ಗಿಡಗಳ ವಿಚಾರಕ್ಕೆ ಬರುತ್ತೇನೆ. ಸೂರಕ್ಕಿಗೂ ಹಮ್ಮಿಂಗ್ ಬರ್ಡಿಗೂ ಇರುವ ಒಂದು ವ್ಯತ್ಯಾಸ ತೋಟ ಮಾಡುವವರಿಗೆ ತುಂಬ ಮುಖ್ಯ. ಹಮ್ಮಿಂಗ್ ಬರ್ಡ್ ಗಾಳಿಯಲ್ಲಿ ನಿಂತೇ ಕುಡಿಯುತ್ತದೆ, ಹಿಂದಕ್ಕೂ ಹಾರಬಲ್ಲದು. ಸೂರಕ್ಕಿ ಚಣಹೊತ್ತು ಹಾಗೆ ನಿಲ್ಲಬಲ್ಲದಾದರೂ ಅದಕ್ಕೆ ಕೂತು ಕುಡಿಯುವುದೇ ಇಷ್ಟ. ಆದ್ದರಿಂದ ಹೂವಿನ ಪಕ್ಕದಲ್ಲಿ ಕಾಲೂರಲು ಒಂದು ಗಟ್ಟಿ ಕಡ್ಡಿ ಬೇಕು. ಅಮೆರಿಕದ ಪುಸ್ತಕಗಳನ್ನು ನೋಡಿ ಗಿಡ ಆರಿಸುವವರು ಇದನ್ನು ಮರೆಯುತ್ತಾರೆ. ಗಾಳಿಯಲ್ಲಿ ತೂಗುವ ಎಳೆದಂಟಿನ ಹೂವು ಅಲ್ಲಿನ ಹಕ್ಕಿಗೆ ಸಲೀಸು, ನಮ್ಮದಕ್ಕೆ ಸರ್ಕಸ್ಸು. ದಾಸವಾಳ, ದಾಳಿಂಬೆ, ನುಗ್ಗೆ ಇವೆಲ್ಲ ಕೊಂಬೆಯುಳ್ಳ ಗಿಡಗಳು. ಸೂರಕ್ಕಿ ಬಂದು ಕೂತು, ಕತ್ತು ಬಾಗಿಸಿ ಕುಡಿಯುತ್ತದೆ.

ಬಣ್ಣದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಕ್ಕಿಗಳಿಗೆಂದೇ ಅರಳುವ ಹೂಗಳು ಹೆಚ್ಚಾಗಿ ಕೆಂಪು ಇಲ್ಲವೆ ಕಿತ್ತಳೆ, ಕೊಳವೆಯಾಕಾರ, ಹಗಲು ಅರಳುತ್ತವೆ, ಪರಿಮಳವಿರುವುದಿಲ್ಲ. ಹಕ್ಕಿಗೆ ಕೆಂಪು ಚೆನ್ನಾಗಿ ಕಾಣುತ್ತದೆ, ಜೇನುನೊಣಕ್ಕೆ ಅಷ್ಟಾಗಿ ಕಾಣದು. ಸಂಜೆಗೆ ಬಿರಿದು ಘಮಘಮಿಸುವ ಬಿಳಿ ಮಲ್ಲಿಗೆ ಪತಂಗಗಳಿಗೆ ಕೊಟ್ಟ ಕರೆ. ಮಲ್ಲಿಗೆಯ ಚಪ್ಪರ ಎಷ್ಟೇ ಹಬ್ಬಿದ್ದರೂ ಹೂವಿಗಾಗಿ ಸೂರಕ್ಕಿ ಅಲ್ಲಿ ಸುಳಿಯುವುದಿಲ್ಲ. ಆದರೆ ಕೆಂಪೇ ಆಗಬೇಕೆಂಬ ಹಟವೂ ಬೇಡ. ನುಗ್ಗೆಯ ಹೂವು ಕೆನೆಬಿಳುಪು, ಚೊಗಚೆಯ ಹೂವೂ ಬಿಳಿ. ಮಕರಂದ ಇದೆ ಎಂದು ತಿಳಿದ ಮೇಲೆ ಹಕ್ಕಿ ಬಣ್ಣ ನೋಡುವುದಿಲ್ಲ.

ಗುಬ್ಬಿ ತಾಲ್ಲೂಕಿನ ನಿಟ್ಟೂರು, ಕಡಬ, ಚೇಳೂರಿನ ಕಡೆಯ ತೆಂಗು ಅಡಿಕೆ ತೋಟದವರು ಹಕ್ಕಿಗಾಗಿ ಏನನ್ನೂ ಹೊಸದಾಗಿ ನೆಡಬೇಕಿಲ್ಲ, ಏಕೆಂದರೆ ಅವರ ತೋಟದೊಳಗೆ ಬಾಳೆ ಇದೆ. ಸೂರಕ್ಕಿಗೆ ಬಾಳೆ ಹೂವಿಗಿಂತ ದೊಡ್ಡ ಔತಣ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ. ಗೊನೆಯ ತುದಿಯಲ್ಲಿ ನೇತಾಡುವ ಆ ಕೆನ್ನೀಲಿ ಹೂವಿನ ಒಂದೊಂದು ಪದರ ಮೇಲೆದ್ದಾಗಲೂ ಅದರಡಿ ಒಂದು ಸಾಲು ಸಣ್ಣ ಹೂಗಳು ಬಾಯಿ ತೆರೆಯುತ್ತವೆ. ಒಂದೊಂದರಲ್ಲೂ ಅಂಟಂಟಾದ ಮಕರಂದ ತುಂಬಿರುತ್ತದೆ. ಮಕ್ಕಳು ಕಿತ್ತು ಚೀಪುವುದು ಅದನ್ನೇ. ಕೆಳಮುಖವಾಗಿ ಜೋಲುವ ಈ ಹೂಗೊಂಚಲು ಮೂಲದಲ್ಲಿ ರಾತ್ರಿ ಬರುವ ಬಾವಲಿಗಳಿಗೆ ಹೊಂದಿಕೊಂಡದ್ದು. ರಾತ್ರಿಯ ಪಾಳಿ ಬಾವಲಿಯದು, ಹಗಲಿನ ಪಾಳಿ ಸೂರಕ್ಕಿಯದು. ನಾವು ತಿನ್ನುವ ಬಾಳೆಗೆ ಪರಾಗಸ್ಪರ್ಶ ಬೇಕಿಲ್ಲ, ಹಾಗಾಗಿ ಹಕ್ಕಿಯಿಂದ ಗೊನೆಗೆ ಲಾಭವೂ ಇಲ್ಲ ನಷ್ಟವೂ ಇಲ್ಲ. ಕೊನೆಯ ಚಿಪ್ಪು ಮೂಡಿದೊಡನೆ ಕಾಯಿ ದಪ್ಪವಾಗಲೆಂದು ಹೂವನ್ನು ಮುರಿಯುವುದು ತೋಟಗಾರರ ರೂಢಿ. ಮುರಿಯಿರಿ, ಪಲ್ಯಕ್ಕೂ ಆಗುತ್ತದೆ. ಆದರೆ ತೋಟದ ಅಂಚಿನ ಒಂದೆರಡು ಗಿಡಗಳಲ್ಲಿ ಹೂವನ್ನು ಹಾಗೇ ಬಿಟ್ಟರೆ ವಾರಗಟ್ಟಲೆ ದಿನಕ್ಕೊಂದು ಪದರದಂತೆ ಅದು ಹಕ್ಕಿಗೆ ಬಡಿಸುತ್ತಲೇ ಇರುತ್ತದೆ. ಎಲೆಬಳ್ಳಿ ಹಬ್ಬಿಸಲು ಚೊಗಚೆ ನೆಟ್ಟವರ ತೋಟದಲ್ಲಿ, ಹೊಂಬಾಳೆ ಒಡೆದ ತೆಂಗಿನ ನೆತ್ತಿಯಲ್ಲಿ ಕೂಡ ಇವುಗಳ ‘ಚ್ವೀ ಚ್ವೀ’ ದನಿ ಕೇಳುತ್ತದೆ.

ಹೊಲದ ಬದುವಿನಲ್ಲಿ, ದೇವರಾಯನದುರ್ಗದ ತಪ್ಪಲಿನಂಥ ಕಡೆಯಲ್ಲಿ ಜಾಗವುಳ್ಳವರು ಮುತ್ತುಗವನ್ನು ನೆನೆಯಬೇಕು. ಊಟದ ಎಲೆ ಹಚ್ಚಲು ಮುತ್ತುಗ ಬೇಕಾಗಿದ್ದ ಕಾಲದಲ್ಲಿ ಅದನ್ನು ಯಾರೂ ಕಡಿಯುತ್ತಿರಲಿಲ್ಲ. ಪೇಪರ್ ತಟ್ಟೆ ಬಂದ ಮೇಲೆ ಅದರ ಬೆಲೆ ಇಳಿದಿದೆ. ಸಂಕ್ರಾಂತಿ ಕಳೆದು ಶಿವರಾತ್ರಿ ಬರುವ ಹೊತ್ತಿಗೆ ಎಲೆಯುದುರಿ ಮರವೆಲ್ಲ ಕಿತ್ತಳೆಗೆಂಪಾಗುತ್ತದೆ. ಈ ಮರದ ಸಂತಾನ ಹೇಗೆ ಸಾಗುತ್ತದೆ ಎಂದು ದೆಹಲಿ ವಿಶ್ವವಿದ್ಯಾಲಯದ ಮೂವರು ವಿಜ್ಞಾನಿಗಳು ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದರು. ರಾಜೇಶ್ ಟಂಡನ್ ಅವರೊಡನೆ ಆ ಅಧ್ಯಯನದಲ್ಲಿದ್ದವರು ನಮ್ಮ ಕನ್ನಡದವರೇ ಆದ ಕೆ.ಆರ್. ಶಿವಣ್ಣ ಮತ್ತು ಎಚ್.ವೈ. ಮೋಹನರಾಮ್. ಮುತ್ತುಗಕ್ಕೆ ಬರುವ ಹಕ್ಕಿಗಳು ಹಲವು. ಆದರೆ ಅವುಗಳಲ್ಲಿ ಪರಾಗವನ್ನು ಹೂವಿನಿಂದ ಹೂವಿಗೆ ಸರಿಯಾಗಿ ಮುಟ್ಟಿಸುವುದು ನೇರಳೆ ಸೂರಕ್ಕಿ ಒಂದೇ, ಜೊತೆಗೆ ಅಳಿಲು ಎಂದು ಅವರು ಕಂಡುಕೊಂಡರು. ಹತ್ತು ಗ್ರಾಮಿನ ಹಕ್ಕಿಯ ಮೇಲೆ ಒಂದು ಮರದ ವಂಶ ಇಷ್ಟರ ಮಟ್ಟಿಗೆ ನಿಂತಿದೆ ಎಂಬುದನ್ನು ತಿಳಿದಾಗ ನನಗೆ ಆ ಹಕ್ಕಿಯ ಮೇಲಿದ್ದ ಪ್ರೀತಿಗೆ ಗೌರವವೂ ಸೇರಿತು.

ಕುಣಿಗಲ್ ಕಡೆಯವರಿಗೆ, ಅದರಲ್ಲೂ ಹುಲಿಯೂರುದುರ್ಗ, ಅಮೃತೂರಿನ ಸುತ್ತ ಮಾವಿನ ಮರವುಳ್ಳವರಿಗೆ ಬದನಿಕೆ ಗೊತ್ತೇ ಇದೆ. ಮಾವು, ಹೊಂಗೆ, ಸಪೋಟದ ಕೊಂಬೆಗೆ ಅಂಟಿಕೊಂಡು ಅದರ ನೀರನ್ನೇ ಹೀರಿ ಬೆಳೆಯುವ ಗಿಡ. ಬದನಿಕೆಯ ಕೊಳವೆ ಹೂಗಳ ಮಕರಂದ ಸೂರಕ್ಕಿಗೆ, ಹಣ್ಣು ಬದನಿಕೆ ಹಕ್ಕಿಗೆ. ಹಣ್ಣು ತಿಂದ ಹಕ್ಕಿ ಅಂಟಾದ ಬೀಜವನ್ನು ಇನ್ನೊಂದು ಕೊಂಬೆಗೆ ಒರೆಸಿ ಹೋಗುತ್ತದೆ. ಫಸಲು ಕೊಡುವ ಮಾವಿನಿಂದ ಬದನಿಕೆಯನ್ನು ಕಡಿದು ತೆಗೆಯುವುದು ರೈತನಿಗೆ ಅನಿವಾರ್ಯ, ಅದರಲ್ಲಿ ನನಗೆ ಎರಡು ಮಾತಿಲ್ಲ. ಬೇಲಿಯ ಹೊಂಗೆಯ ಮೇಲಿರುವ ಒಂದು ಬದನಿಕೆಯನ್ನು ಬಿಡಲಾದರೆ ಬಿಡಿ.

ತುಮಕೂರು ಪೇಟೆಯ ಮನೆಗಳ ಕಥೆ ಬೇರೆ. ಜಯನಗರ, ಸಪ್ತಗಿರಿ ಬಡಾವಣೆ, ಕ್ಯಾತ್ಸಂದ್ರದ ಮೂವತ್ತು ನಲವತ್ತರ ಸೈಟಿನಲ್ಲಿ ಗೋಡೆಗೂ ಕಾಂಪೌಂಡಿಗೂ ನಡುವೆ ಉಳಿಯುವುದು ಮೂರಡಿ ಮಣ್ಣು. ಅಷ್ಟು ಸಾಕು. ಅಲ್ಲಿಗೆ ಮೊದಲ ಗಿಡವಾಗಿ ನಾನು ಹೇಳುವುದು ಐದು ದಳದ ಸಾದಾ ಕೆಂಪು ದಾಸವಾಳ. ನರ್ಸರಿಗಳಲ್ಲಿ ಮುದ್ದೆಯಂತೆ ಸುತ್ತುಸುತ್ತಾಗಿ ಅರಳುವ ದಾಸವಾಳಗಳನ್ನು ಮೊದಲು ತೋರಿಸುತ್ತಾರೆ. ನೋಡಲು ಚೆಂದವಿದ್ದರೂ ಎಸಳುಗಳ ಆ ದಟ್ಟಣೆಯಲ್ಲಿ ಹಕ್ಕಿಗೆ ಮಕರಂದದ ದಾರಿ ಸಿಗುವುದಿಲ್ಲ. ಸಾದಾ ದಾಸವಾಳದಲ್ಲೂ ಸೂರಕ್ಕಿ ಮುಂಬಾಗಿಲಿನಿಂದ ಹೋಗುವುದು ಕಡಿಮೆ. ಹೂವಿನ ಬುಡಕ್ಕೆ ಬಂದು, ತೊಟ್ಟಿನ ಹತ್ತಿರ ಕೊಕ್ಕು ಚುಚ್ಚಿ ಕುಡಿದುಬಿಡುತ್ತದೆ. ಪರಾಗ ಮುಟ್ಟದೆ ಮಕರಂದ ಕದಿಯುವ ಈ ಉಪಾಯದಿಂದ ಗಿಡಕ್ಕೆ ಹಾನಿಯೇನೂ ಇಲ್ಲ.

ಎರಡನೆಯದು, ಎಂದೂ ಪೂರ್ತಿ ಬಿಚ್ಚಿಕೊಳ್ಳದೆ ಕೆಂಪು ಮೊಗ್ಗಿನಂತೆ ಕೆಳಮುಖವಾಗಿ ಉಳಿಯುವ ಮೆಣಸಿನಕಾಯಿ ದಾಸವಾಳ. ಮೂರನೆಯದು ಹ್ಯಾಮೀಲಿಯಾ, ಕಿತ್ತಳೆಗೆಂಪು ಕೊಳವೆ ಹೂಗಳ ಗೊಂಚಲು, ಕತ್ತರಿಸಿದಷ್ಟೂ ಚಿಗುರುತ್ತದೆ, ನೀರು ಕಡಿಮೆಯಾದರೂ ತಡೆಯುತ್ತದೆ. ಇವೆರಡೂ ಮೆಕ್ಸಿಕೊ ಮತ್ತು ಅದರ ಸುತ್ತಲಿನ ನೆಲದಿಂದ ಬಂದವು, ಹಮ್ಮಿಂಗ್ ಬರ್ಡಿಗಾಗಿಯೇ ರೂಪುಗೊಂಡ ಹೂಗಳು. ಸಾಗರ ದಾಟಿ ತುಮಕೂರಿನ ಕಾಂಪೌಂಡಿಗೆ ಬಂದಾಗ ಸೂರಕ್ಕಿ ಅವನ್ನು ನೋಡಿದ್ದೇ ತಡ, ತನ್ನದೆಂದುಕೊಂಡಿತು. ಹಳೆಯ ಮನೆಗಳ ಬಚ್ಚಲ ನೀರಿನ ಬದಿಯಲ್ಲಿ ಬೆಳೆಯುವ ಕಾಬಾಳೆ, ಬೇಲಿಯ ರತ್ನಗಂಧಿಯ ಹೂಗಳಿಗೂ ಅದು ಬರುತ್ತದೆ. ಹೊರಗಿನದೆಂದು ಇವನ್ನು ದೂರ ಇಡಬೇಕಿಲ್ಲ. ದೂರ ಇಡಬೇಕಾದದ್ದು ಲಂಟಾನ. ಅದರಲ್ಲೂ ಹಕ್ಕಿ ಕೂರುತ್ತದೆ, ನಿಜ. ಆದರೆ ಅದರ ಹಣ್ಣು ತಿಂದ ಹಕ್ಕಿಗಳು ಬೀಜವನ್ನು ನಾಮದ ಚಿಲುಮೆಯ ಕಾಡಿಗೂ ಒಯ್ಯುತ್ತವೆ, ಅದು ಹಬ್ಬಿದಲ್ಲಿ ನಮ್ಮ ಕುರುಚಲು ಗಿಡಗಳು ಏಳುವುದಿಲ್ಲ. ನಮ್ಮ ನೆಲದ ಗಿಡವೇ ಬೇಕೆನ್ನುವವರಿಗೆ ಆಡುಸೋಗೆಯ ಬೇಲಿ ಇದೆ, ಕೇಪಳ ಇದೆ. ಹಿತ್ತಿಲಿದ್ದರೆ ನುಗ್ಗೆ ಇರಲೇಬೇಕು, ನಮ್ಮ ಸಾರಿಗೂ ಆಯಿತು, ಸೂರಕ್ಕಿಗೂ ಆಯಿತು.

ಗಿಡಗಳ ಸಂಖ್ಯೆಗಿಂತ ಅವು ಹೂ ಬಿಡುವ ಸರದಿ ಮುಖ್ಯ. ಈ ಮಾತನ್ನು ಕರ್ನಾಟಕಕ್ಕೆ ಕಲಿಸಿದವರು ಜರ್ಮನಿಯಲ್ಲಿ ಹುಟ್ಟಿ ಬರೋಡದಲ್ಲಿದ್ದು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಕ್ರುಂಬಿಗೆಲ್. ವರ್ಷದ ಯಾವ ತಿಂಗಳಲ್ಲೂ ಬೆಂಗಳೂರಿನ ಯಾವುದಾದರೊಂದು ಬೀದಿಯಲ್ಲಿ ಮರ ಹೂ ಬಿಟ್ಟಿರಬೇಕು ಎಂದು ಅವರು ಮರಗಳನ್ನು ಆರಿಸಿ ನೆಡಿಸಿದರು. ಅದು ಮನುಷ್ಯರ ಕಣ್ಣಿಗಾಗಿ ಮಾಡಿದ ಏರ್ಪಾಟು. ನಮ್ಮ ಮೂರಡಿ ಮಣ್ಣಿನಲ್ಲಿ ಅದನ್ನೇ ಹಕ್ಕಿಯ ಹೊಟ್ಟೆಗಾಗಿ ಮಾಡಬಹುದು. ಶಿವರಾತ್ರಿಯ ಸುಮಾರಿಗೆ ಊರ ಹೊರಗಿನ ಮುತ್ತುಗ, ಬೂರುಗ, ಹಾಲುವಾಣ ಹೂ ಬಿಟ್ಟಾಗ ಮನೆಯ ಗಿಡದ ಅಗತ್ಯ ಅಷ್ಟಿರುವುದಿಲ್ಲ. ಯುಗಾದಿಗೆ ಹೊಂಗೆ ಇದೆ. ಅದು ಮುಗಿದು, ಮಳೆಗೆ ಕಾಯುವ ಬೇಸಿಗೆಯ ಕೊನೆಯಲ್ಲಿ ಬಯಲುಸೀಮೆಯ ಹಕ್ಕಿಗೆ ಕಷ್ಟ. ಆ ವಾರಗಳಲ್ಲಿ ಪಾತ್ರೆ ತೊಳೆದ ನೀರನ್ನಾದರೂ ದಾಸವಾಳಕ್ಕೆ, ಹ್ಯಾಮೀಲಿಯಾಕ್ಕೆ ಹಾಕಿ ಹೂವು ನಿಲ್ಲದಂತೆ ನೋಡಿಕೊಂಡವರ ಅಂಗಳ ಬಿಟ್ಟು ಸೂರಕ್ಕಿ ಕದಲುವುದಿಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದುಕೊಂಡದ್ದು. ನಮ್ಮೂರುಗಳಲ್ಲಿ ಸೂರಕ್ಕಿಗೆ ಗಿಡದ ಕೊರತೆಗಿಂತ ಹೂವಿನ ಕೊರತೆ ದೊಡ್ಡದು. ದಾಸವಾಳ ಅರಳುವುದು ಬೆಳಗ್ಗೆ, ಬಾಡುವುದು ಅದೇ ಸಂಜೆ; ಅದರ ಬದುಕು ಒಂದು ಹಗಲು. ಆ ಹಗಲು ಹರಿಯುವ ಮುನ್ನವೇ ಬುಟ್ಟಿ ಹಿಡಿದು ಹೊರಡುತ್ತೇವೆ. ತುಮಕೂರಿನ ಯಾವ ಬೀದಿಯಲ್ಲಾದರೂ ಐದೂವರೆಗೆ ನಡೆದು ನೋಡಿ. ಕಾಂಪೌಂಡಿನಾಚೆ ಚಾಚಿದ ಕೊಂಬೆಯನ್ನು ಕೊಕ್ಕೆಯಿಂದ ಬಗ್ಗಿಸಿ, ಮೊಗ್ಗನ್ನೂ ಬಿಡದೆ ಕಿತ್ತು ಚೀಲಕ್ಕೆ ಹಾಕಿಕೊಳ್ಳುವವರು ಕಾಣುತ್ತಾರೆ. ಎಲ್ಲವೂ ದೇವರಿಗೆ. ಆರೂವರೆಗೆ ಸೂರಕ್ಕಿ ಬರುವ ಹೊತ್ತಿಗೆ ಗಿಡದಲ್ಲಿ ಬರೀ ಎಲೆ. ನಾನು ಪೂಜೆ ಮಾಡುವವನೇ. ಹೂವಿಲ್ಲದ ದೇವರ ಮನೆ ನನಗೂ ಒಗ್ಗುವುದಿಲ್ಲ. ಆದರೆ ಒಂದು ಗಿಡದಲ್ಲಿ ಹತ್ತು ಹೂವಿದ್ದರೆ ಆರು ದೇವರಿಗೆ ಸಾಲದೆ? ನಾಲ್ಕು ಗಿಡದಲ್ಲೇ ಇರಲಿ. ಗುಬ್ಬಿಯ ಚನ್ನಬಸವೇಶ್ವರನಿಗೆ, ಎಡೆಯೂರಿನ ಸಿದ್ಧಲಿಂಗೇಶ್ವರನಿಗೆ ಕೈಮುಗಿಯುವ ಜನ ನಾವು. ಹಸಿದ ಜೀವಕ್ಕೆ ಬಿಟ್ಟ ಹೂವು ಆ ದೇವರಿಗೆ ಸಲ್ಲದೆ ಹೋಗುತ್ತದೆ ಎಂದು ನಾನು ನಂಬಲಾರೆ.

ಮಕರಂದ ಒಂದರಿಂದಲೇ ಹಕ್ಕಿ ಬದುಕುವುದಿಲ್ಲ. ಮರಿಗಳಿಗೆ ಬೇಕಾದದ್ದು ಸಣ್ಣ ಹುಳು, ಜೇಡ. ಗೂಡಿಗೆ ಬೇಕಾದದ್ದು ಜೇಡರ ಬಲೆಯ ನೂಲು. ಹೆಣ್ಣು ಸೂರಕ್ಕಿ ಒಂದು ತೂಗುವ ಕಡ್ಡಿಗೋ, ಪೋರ್ಟಿಕೋದ ವೈರಿಗೋ ಬಲೆಯ ನೂಲು ಸುತ್ತಿ, ನಾರು, ಒಣ ಎಲೆಚೂರು, ತೊಗಟೆಯ ತುಣುಕು, ಹುಳುವಿನ ಹಿಕ್ಕೆ ಎಲ್ಲ ಸೇರಿಸಿ ಜೋಲು ಚೀಲದಂಥ ಗೂಡು ಕಟ್ಟುತ್ತದೆ. ಪಕ್ಕದಲ್ಲೊಂದು ಬಾಗಿಲು, ಬಾಗಿಲ ಮೇಲೆ ಮಳೆ ತಡೆಯುವ ಪುಟ್ಟ ಸೂರು. ಹೊರಗಿನಿಂದ ನೋಡಿದರೆ ಕಸ ಸಿಕ್ಕಿಕೊಂಡಿದೆ ಎಂದೇ ಅನ್ನಿಸಬೇಕು, ಶತ್ರುಗಳಿಂದ ಪಾರಾಗುವ ಉಪಾಯ ಅದು. ದೀಪಾವಳಿಗೆ ಮುಂಚೆ ಪೊರಕೆ ಹಿಡಿದವರು ಅದನ್ನು ಕಸವೆಂದೇ ಕೆಡವುತ್ತಾರೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಕಾವು ಕೂರುವುದು ಹೆಚ್ಚಾಗಿ ಹೆಣ್ಣು, ಸುಮಾರು ಎರಡು ವಾರ. ಮರಿಗೆ ಉಣಿಸಲು ಗಂಡೂ ಜೊತೆಯಾಗುತ್ತದೆ. ಹಳೆಯ ಗೂಡನ್ನೇ ಮತ್ತೆ ಬಳಸುವುದೂ ಉಂಟು, ಆದ್ದರಿಂದ ಮರಿ ಹಾರಿದ ಮೇಲೂ ಗೂಡನ್ನು ಕೀಳಬೇಡಿ. ಮನೆಯ ಹೊರಗೋಡೆಯ ಮೂಲೆಯಲ್ಲಿ, ಬೇಲಿಯ ಸಂದಿಯಲ್ಲಿ ಜೇಡರ ಬಲೆಯನ್ನು ಒಂದಿಷ್ಟು ಉಳಿಸಿ. ದಾಸವಾಳಕ್ಕೆ ಬಿಳಿ ಹಿಟ್ಟುತಿಗಣೆ ಬಂದಾಗ ಕೈಗೆ ಸಿಕ್ಕ ಕೀಟನಾಶಕ ಸಿಂಪಡಿಸುವ ಬದಲು ನೀರನ್ನು ಜೋರಾಗಿ ಬಿಟ್ಟು ತೊಳೆಯಿರಿ, ಹೆಚ್ಚಾದ ಕೊಂಬೆ ಕತ್ತರಿಸಿ. ವಿಷ ಹೊಡೆದ ಗಿಡದ ಹೂವನ್ನು ಕುಡಿಯುವುದು, ಆ ಗಿಡದ ಹುಳುವನ್ನು ಮರಿಗೆ ಕೊಡುವುದು ಅದೇ ಹಕ್ಕಿ.

ಕಾರಿನ ಕನ್ನಡಿಗೆ ಸೂರಕ್ಕಿ ಕೊಕ್ಕು ಕುಟ್ಟುವುದನ್ನು ಕಂಡು ಅದಕ್ಕೇನೋ ಆಗಿದೆ ಎಂದು ಹೆದರುವವರಿದ್ದಾರೆ. ಕನ್ನಡಿಯೊಳಗಿನ ತನ್ನ ಬಿಂಬವನ್ನು ಎದುರಾಳಿ ಎಂದು ತಿಳಿದು ಅದು ಜಗಳಕ್ಕೆ ನಿಂತಿರುತ್ತದೆ. ಕನ್ನಡಿಗೆ ಒಂದು ಬಟ್ಟೆ ಕಟ್ಟಿದರೆ ಜಗಳ ಮುಗಿಯಿತು.

ಅಮೆರಿಕದಲ್ಲಿ ಮಾಡುವಂತೆ ಸಕ್ಕರೆ ನೀರಿನ ಕೆಂಪು ಬಾಟಲಿ ನೇತುಹಾಕಬಹುದೇ ಎಂದು ಕೆಲವರು ಕೇಳುತ್ತಾರೆ. ಆನ್‌ಲೈನಿನಲ್ಲಿ ಅವು ಸುಲಭವಾಗಿ ಸಿಗುತ್ತವೆ ಕೂಡ. ನನ್ನ ಸಲಹೆ, ಬೇಡ. ನಮ್ಮ ಬಿಸಿಲಿಗೆ ಸಕ್ಕರೆ ನೀರು ಬೇಗ ಹುಳಿಯುತ್ತದೆ, ಬೂಷ್ಟು ಹಿಡಿಯುತ್ತದೆ. ಮೇಲಿಂದ ಮೇಲೆ ತೊಳೆದು ಬದಲಿಸುವ ಶಿಸ್ತು ಎಲ್ಲರಿಗೂ ಸಾಧ್ಯವಿಲ್ಲ, ತಪ್ಪಿದರೆ ಹಕ್ಕಿಗೆ ರೋಗ. ಆ ದುಡ್ಡಿಗೆ ಎರಡು ದಾಸವಾಳದ ಗಿಡ ಬರುತ್ತದೆ. ಹಕ್ಕಿಗೆ ಬೇರೆ ಏನಾದರೂ ಕೊಡಲೇಬೇಕೆನಿಸಿದರೆ ಬೆಳಗ್ಗೆ ಗಿಡದ ಎಲೆಗಳ ಮೇಲೆ ನೀರು ಚಿಮುಕಿಸಿ. ಒದ್ದೆ ಎಲೆಗೆ ಮೈ ಉಜ್ಜಿ ಸ್ನಾನ ಮಾಡುವುದೆಂದರೆ ಸೂರಕ್ಕಿಗೆ ಬಹಳ ಇಷ್ಟ.

ಮುಂಗಾರು ಹಿಡಿದ ಮೇಲೆ ದಾಸವಾಳ, ಮೆಣಸಿನಕಾಯಿ ದಾಸವಾಳ, ಹ್ಯಾಮೀಲಿಯಾ ಮೂರೂ ಕಡ್ಡಿಯಿಂದಲೇ ಬರುತ್ತವೆ, ದುಡ್ಡು ಕೊಟ್ಟು ತರಬೇಕಾಗಿಲ್ಲ. ಪೆನ್ಸಿಲ್ ದಪ್ಪದ, ಗೇಣುದ್ದದ ಬಲಿತ ಕಡ್ಡಿಯನ್ನು ನೆರೆಯವರಲ್ಲಿ ಕೇಳಿ ತಂದು, ಕೆಳಗಿನ ಎಲೆ ಸವರಿ, ನೆರಳಿನಲ್ಲಿ ಒದ್ದೆ ಮಣ್ಣಿಗೆ ಊರಿ. ಬೇರು ಬಂದು ಚಿಗುರು ಗಟ್ಟಿಯಾದ ಮೇಲೆ ಬಿಸಿಲು ಬೀಳುವ ಕಡೆಗೆ ನೆಡಿ. ಮನೆಯಲ್ಲಿ ಈಗಾಗಲೇ ದಾಸವಾಳ ಇರುವವರು ಮಳೆಗಾಗಿ ಕಾಯಬೇಕಿಲ್ಲ. ನಾಳೆ ಬೆಳಗ್ಗೆ ಹೂ ಕೊಯ್ಯುವಾಗ ಸೂರಕ್ಕಿಯ ಪಾಲನ್ನು ಗಿಡದಲ್ಲೇ ಬಿಡಿ. ಮನೆಯ ಹಿರಿಯರಿಗೂ ಹೇಳಿ, ಬೀದಿಯಲ್ಲಿ ಹೂ ಕೀಳಲು ಬರುವವರಿಗೂ ಹೇಳಿ.